ಬಾಗಿಲು ತೆರೆದಿಟ್ಟಿದ್ದಕ್ಕೇ ಬಿದ್ದ ಗುಂಡು

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನ ಸ್ಕ್ವಿರಲ್ ಹಿಲ್‌ನಲ್ಲಿ. ಟ್ರೀ ಆಫ್ ಲೈಫ್ ಎಂಬ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇದ್ದದ್ದು ಇದೇ ಬಡಾವಣೆಯಲ್ಲಿ. 2018ರ ಅಕ್ಟೋಬರ್ 27, ಶನಿವಾರ ಬೆಳಿಗ್ಗೆ, ಅಲ್ಲಿ ಶಬ್ಬಾತ್, ಅಂದರೆ ಯಹೂದಿಗಳ ವಾರದ ಪವಿತ್ರ ದಿನದ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಒಬ್ಬ ಗುಂಡಿಕ್ಕಿ ಕೊಂದ. ಅವರಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿಗೆ 97 ವರ್ಷ. ಇಷ್ಟು ನಿಮಗೂ ಗೊತ್ತಿರಬಹುದು. ಯಾಕೆ ಕೊಂದ ಅನ್ನೋದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಆ ಕಟ್ಟಡದಲ್ಲಿ ಮೂರು ಸಭೆಗಳು, ಅಂದರೆ ಒಟ್ಟಿಗೆ ಪ್ರಾರ್ಥಿಸುವ ಯಹೂದಿಗಳ ಮೂರು ಬಳಗಗಳು, ಸೇರುತ್ತಿದ್ದವು. ಅವುಗಳಲ್ಲಿ ಒಂದು ದೋರ್ ಹದಾಶ್. ಕೊಲೆಗೆ ಒಂದು ವಾರ ಮುಂಚೆ ಹಯಾಸ್ ಎಂಬ ಯಹೂದಿ ಸಂಸ್ಥೆ ದೇಶದ ತುಂಬ 'ನಿರಾಶ್ರಿತರ ಶಬ್ಬಾತ್' ನಡೆಸಿತ್ತು. ಪಾಲ್ಗೊಂಡ ಸಭೆಗಳ ಪಟ್ಟಿಯಲ್ಲಿ ದೋರ್ ಹದಾಶ್ ಹೆಸರೂ ಇತ್ತು. ರಷ್ಯಾದ ಹಿಂಸಾಚಾರದಿಂದ ಓಡಿಬಂದ ಯಹೂದಿಗಳಿಗಾಗಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿ ಶುರುವಾದ ಸಂಸ್ಥೆ ಹಯಾಸ್. ಈಗ ಅದು ನೆರವಾಗುವ ಹೆಚ್ಚಿನವರು ಯಹೂದಿಗಳೇ ಅಲ್ಲ. ಬಂದವರು ಯಹೂದಿಗಳು ಅಂತ ಮೊದಲು ಸಹಾಯ ಮಾಡುತ್ತಿದ್ದೆವು, ಈಗ ನಾವು ಯಹೂದಿಗಳು ಅಂತ ಮಾಡುತ್ತೇವೆ ಅನ್ನುತ್ತಾರೆ ಆ ಸಂಸ್ಥೆಯವರು. ಹಯಾಸ್ ದಾಳಿಕೋರರನ್ನು ಕರೆತರುತ್ತಿದೆ ಎಂದು ಇಂಟರ್ನೆಟ್‌ನಲ್ಲಿ ಬರೆದು, ಕೊಲೆಗಾರ ಬಂದೂಕು ಹಿಡಿದು ಒಳಗೆ ಹೋದ.

ಯಾರು ಆ 'ದಾಳಿಕೋರರು'? ನಮ್ಮೂರಿನಲ್ಲಿ ಅಂಥವರು ಸಾವಿರಾರು ಜನ ಇದ್ದಾರೆ. 1990ರ ಸುಮಾರಿಗೆ ಭೂತಾನ್ ಹೊರಗೆ ಅಟ್ಟಿದ, ನೇಪಾಳಿ ಮಾತಾಡುವ ಜನ. ಹೆಚ್ಚಿನವರು ಹಿಂದೂಗಳು. ನೇಪಾಳದ ಶಿಬಿರಗಳಲ್ಲಿ ಹದಿನೈದಿಪ್ಪತ್ತು ವರ್ಷ ಕಳೆದು ಇಲ್ಲಿಗೆ ಬಂದವರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಮನೆ ಹುಡುಕಿಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಲು ಓಡಾಡಿದ್ದು ಇಲ್ಲಿನ ಯಹೂದಿ ಸೇವಾಸಂಸ್ಥೆ, ಹಯಾಸ್ ಜೊತೆ ಸೇರಿ. ನನ್ನ ಪಕ್ಕದ ಮನೆ ದೀದಿ ಹಾಗೆ ಬಂದವರೇ.

ಕೊಲೆ ನಡೆದ ದಿನ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು, "ಪಾಪ, ಅವರಿಗೆ ಯಾಕೆ ಬೇಕಿತ್ತು ಊರವರ ಉಸಾಬರಿ" ಅಂತ ಬರೆದಿದ್ದರು. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಗೊತ್ತು. ಆದರೂ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ತಮ್ಮ ಪಾಡಿಗೆ ತಾವಿದ್ದಾಗ ಯಹೂದಿಗಳನ್ನು ಯಾರು ಸುಮ್ಮನೆ ಬಿಟ್ಟರು? ರಷ್ಯಾದ ಹಳ್ಳಿಗಳಲ್ಲಿ ಯಾರ ಉಸಾಬರಿಗೆ ಹೋಗಿದ್ದರು? ಯಹೂದಿ ದ್ವೇಷದ ವಿರುದ್ಧದ ಕೆಲಸ ಬೇರೆ, ಸಾಮಾಜಿಕ ನ್ಯಾಯದ ಕೆಲಸ ಬೇರೆ ಅನ್ನೋದನ್ನು ನಾನು ಒಪ್ಪೋದಿಲ್ಲ. ಕೊಂದವನ ತಲೆಯಲ್ಲೇ ಅವೆರಡೂ ಬೇರೆ ಇರಲಿಲ್ಲ. ಬಾಗಿಲಿಗೆ ಕಾವಲು ಬೇಕು, ಇಲ್ಲಿ ಈಗ ಇದೆ, ಅದನ್ನು ತಪ್ಪು ಅನ್ನಲಾರೆ. ಕಾವಲಿಟ್ಟ ಮೇಲೂ ಅವರು ನಿರಾಶ್ರಿತರ ಕೆಲಸ ಬಿಡಲಿಲ್ಲವಲ್ಲ, ನನಗೆ ಮುಖ್ಯ ಅದು.

ಹೀಬ್ರೂ ಭಾಷೆಯಲ್ಲಿ ದಾನಕ್ಕೆ ತ್ಸೆದಾಕಾ ಅನ್ನುತ್ತಾರೆ. ನ್ಯಾಯ ಎಂಬ ಅರ್ಥದ ಮಾತಿನಿಂದಲೇ ಬಂದದ್ದು. ಕೊಟ್ಟವನು ಉಪಕಾರ ಮಾಡಿದ ಹಾಗಲ್ಲ, ಕೊಡಬೇಕಾದ್ದನ್ನು ಕೊಟ್ಟ ಹಾಗೆ. ಇದನ್ನು ಕೇಳಿದ ದಿನ ನನಗೆ ಈ ಜನರ ಬಗ್ಗೆ ಬಹಳಷ್ಟು ಅರ್ಥವಾಯಿತು.

ಗುಂಡೇಟಿನ ಬಳಿಕ ಮುಸ್ಲಿಂ ಸಂಘಟನೆಗಳು ಸಂತ್ರಸ್ತ ಕುಟುಂಬಗಳಿಗೆ 2 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿದವು. ಐದು ತಿಂಗಳಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಗುಂಡಿಗೆ ಸತ್ತಾಗ, ಪಿಟ್ಸ್‌ಬರ್ಗ್‌ನ ಯಹೂದಿಗಳು ಅವರಿಗಾಗಿ ನಿಧಿ ತೆರೆದರು. ತಮ್ಮವರನ್ನು ಕಳೆದುಕೊಂಡ ದೋರ್ ಹದಾಶ್ ಸಭೆ, ಕೊಲೆಗಾರನಿಗೆ ಮರಣದಂಡನೆ ಬೇಡ ಅಂತ ಸರ್ಕಾರಕ್ಕೆ ಬರೆಯಿತು. ಹೆಚ್ಚಿನ ಕುಟುಂಬಗಳು ಬೇಕು ಅಂದವು. 2023ರಲ್ಲಿ ಕೋರ್ಟು ಮರಣದಂಡನೆಯನ್ನೇ ವಿಧಿಸಿತು. ಯಾರನ್ನೂ ತೂಗುವ ಯೋಗ್ಯತೆ ನನಗಿಲ್ಲ.

ಪ್ರತಿ ಅಕ್ಟೋಬರ್‌ನಲ್ಲಿ ಆ 11 ಜನರ ನೆನಪಿಗೆ ಇಲ್ಲಿ ಯಹೂದಿಗಳು ತಮ್ಮ ಧರ್ಮಗ್ರಂಥ ತೋರಾ ಓದುತ್ತಾರೆ, ಊರಿನ ಸೇವೆಗೆ ಇಳಿಯುತ್ತಾರೆ. ಹೋದ ಸಲ ದೀದಿಯೂ ನನ್ನ ಜೊತೆ ಬಂದರು. ನಮ್ಮ ಮಡಿಯ ಹಾಗೆ ಯಹೂದಿಗಳಿಗೂ ಕೋಶರ್ ಅನ್ನೋ ಊಟದ ನಿಯಮ ಇದೆ, ಮನೆಯಡುಗೆ ತಗೊಂಡು ಹೋಗೋ ಹಾಗಿಲ್ಲ ಅಂದೆ. ಬೆಳಿಗ್ಗೆ ನೋಡಿದರೆ, ಒಂದು ಬುಟ್ಟಿ ಬಾಳೆಹಣ್ಣು ಹಿಡಿದು ನನಗಿಂತ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು.