ಚತುರ್ಥ ದೇಹತಾಪ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಎರಡು ಬೆಳೆ ಒಟ್ಟಿಗೆ ನಡೆಯುತ್ತಿವೆ. ಒಂದು ಭಾವನವರ ರೇಷ್ಮೆ. ಅದು ತಿಂಗಳು, ಒಂದೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಇನ್ನೊಂದು ಅದೇ ರೇಷ್ಮೆಯ ಬಗ್ಗೆ ಅವರ ಮಗನ ಪಿಎಚ್‌.ಡಿ. ಅದು ಆರು ವರ್ಷದಿಂದ ಜ್ವರಕ್ಕೆ ಕೂತಿದೆ.

ಜ್ವರ ಎಂದರೆ ಗಾಬರಿಯಾಗಬೇಡಿ. ರೇಷ್ಮೆ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಮಿಸುಕದೆ ಕೂರುತ್ತದೆ. ಅದಕ್ಕೆ ಈ ಸೀಮೆಯವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು, ಸೊಪ್ಪು ಮುಕ್ಕಿ, ಮೈ ತುಂಬಿ ಹೊಳೆಯತೊಡಗಿದರೆ ಹುಳು ಹಣ್ಣಾಯಿತು. ಹಣ್ಣಾದ ಹುಳುವನ್ನು ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಚಂದ್ರಿಕೆಗೆ ಬಿಡುತ್ತಾರೆ. ಅಕ್ಷರ ಬಾರದ ಆಳಿಗೂ ಈ ಮಾತುಗಳಲ್ಲಿ ಒಂದೂ ತಪ್ಪುವುದಿಲ್ಲ.

ಹುಡುಗನ ಮೊದಲ ಕರಡು ಈ ಮಾತಿನಲ್ಲೇ ಇತ್ತು. ಮಾರ್ಗದರ್ಶಕರು ಓದಿ, ‘ಎಲ್ಲವೂ ಅರ್ಥವಾಗುತ್ತಿದೆಯಲ್ಲ!’ ಎಂದು ಮುಖ ಸಪ್ಪೆ ಮಾಡಿಕೊಂಡರಂತೆ. ತೂಕ ಸಾಲದು, ಪರಿಪ್ರೇಕ್ಷ್ಯ ಇಲ್ಲ, ಆಯಾಮಗಳು ಕಡಿಮೆ ಬಿದ್ದಿವೆ. ಸರಿ, ‘ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ’ ಎಂಬ ವಾಕ್ಯ ಎರಡನೇ ಕರಡಿನಲ್ಲಿ ಹೀಗೆ ಪೊರೆ ಬಿಟ್ಟಿತು: ‘ನಿರ್ಮೋಚನಾವಸ್ಥೆಯ ಸಂದರ್ಭದಲ್ಲಿ ಪೋಷಣಾ ಪ್ರಕ್ರಿಯೆಯು ಸ್ಥಗಿತತೆಯನ್ನು ಹೊಂದುವುದನ್ನು ಈ ನೆಲೆಯಲ್ಲಿ ಗುರುತಿಸಬಹುದಾಗಿದೆ.’

ಆ ‘ಬಹುದಾಗಿದೆ’ಯನ್ನು ಗಮನಿಸಿ. ಸೊಪ್ಪು ಹಾಕುವುದಿಲ್ಲ ಎಂದು ಹೇಳಿ ಅದು ತಪ್ಪಾದರೆ ಭಾವನವರ ಬೆಳೆ ಹೋಗುತ್ತದೆ. ಗುರುತಿಸಬಹುದಾಗಿದೆ ಎಂದು ಬರೆದು ತಪ್ಪಾದರೆ ಯಾರ ಗಂಟೂ ಹೋಗುವುದಿಲ್ಲ. ಗುರುತಿಸಿದವರು ಯಾರೆಂದು ವಾಕ್ಯದಲ್ಲಿ ಹೇಳಿದ್ದರೆ ತಾನೇ ಹಿಡಿದು ಕೇಳುವುದು?

ನಾನು ಬುದ್ಧಿ ಹೇಳಲು ಹೋದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಒಪೆನ್‌ಹೈಮರ್ ಎಂಬವರು ಅನಗತ್ಯವಾಗಿ ದೊಡ್ಡ ಪದ ತುರುಕಿದ ಬರಹವನ್ನು ಜನರಿಗೆ ಓದಿಸಿ ನೋಡಿದರು, ಓದಿದವರು ಬರೆದವನನ್ನು ಕಡಿಮೆ ಬುದ್ಧಿಯವನೆಂದೇ ಅಂದಾಜು ಮಾಡಿದರು, ಆ ಕೆಲಸಕ್ಕೆ 2006ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು ಎಂದೆ. ‘ಮಾವ, ಅವರಿಗೆ ಆಗಲೇ ಕೆಲಸ ಸಿಕ್ಕಿತ್ತು’ ಎಂದ. ಅಲ್ಲಿಗೆ ನನ್ನ ಮಾತಿಗೂ ಸೊಪ್ಪು ಬೀಳುವುದು ನಿಂತಿತು.

ನಿಜವಾದ ಗಂಡಾಂತರ ಬಂದದ್ದು ಕೃತಿಚೌರ್ಯ ಹಿಡಿಯುವ ಯಂತ್ರದಿಂದ. 2018ರ ಯುಜಿಸಿ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 60 ದಾಟಿದರೆ ಸಂಶೋಧಕನ ನೋಂದಣಿಯೇ ರದ್ದು. ಕಳ್ಳತನ ನಿಲ್ಲಲಿ ಎಂದು ಮಾಡಿದ ಒಳ್ಳೆಯ ನಿಯಮ. ನಮ್ಮವರು ಕಳ್ಳತನವನ್ನು ಇದ್ದ ಹಾಗೇ ಇಟ್ಟುಕೊಂಡು ಪದಗಳನ್ನು ಬದಲಿಸಿದರು. ಇದು ಲೋಕದ ಕಾಯಿಲೆ. ಇಂಗ್ಲಿಷ್ ಪ್ರಬಂಧಗಳಲ್ಲಿ ‘ಕೃತಕ ಬುದ್ಧಿಮತ್ತೆ’ ಹೋಗಿ ‘ನಕಲಿ ಪ್ರಜ್ಞೆ’ ಎಂಬಂಥ ಮಾತು ಬಂದಿರುವುದನ್ನು 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಪತ್ತೆ ಹಚ್ಚಿ, ಅವಕ್ಕೆ ಚಿತ್ರಹಿಂಸೆಗೊಳಗಾದ ಪದಪುಂಜಗಳು ಎಂದೇ ಹೆಸರಿಟ್ಟರು.

ನಮ್ಮ ಹುಡುಗ ಮೂರನೇ ಕರಡನ್ನು ಸಮಾನಾರ್ಥಕ ಪದ ಹುಡುಕಿಕೊಡುವ ತಂತ್ರಾಂಶದ ಬಾಯಿಗೆ ಕೊಟ್ಟ. ಅದಕ್ಕೇನು ಗೊತ್ತು ಹಿಪ್ಪುನೇರಳೆ? ಜ್ವರ ದೇಹತಾಪವಾಯಿತು. ನಾಲ್ಕನೇ ಜ್ವರ ಎದ್ದ ಹುಳು ‘ಚತುರ್ಥ ದೇಹತಾಪದಿಂದ ಜಾಗೃತಗೊಂಡ ಕ್ರಿಮಿ’ಯಾಯಿತು. ಗೂಡಿನ ಮಾರುಕಟ್ಟೆಯು ‘ನಿವಾಸಗಳ ಮಾರುಕಟ್ಟೆ’ಯಾಗಿ, ಅಲ್ಲಿ ನಿವಾಸಗಳನ್ನು ಕಿಲೋ ಲೆಕ್ಕದಲ್ಲಿ ಹರಾಜು ಹಾಕಲಾಗುತ್ತದೆ ಎಂಬ ಸಂಗತಿ ಹೊರಬಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದ ಈಚೆ ದಡದವರು ಇದನ್ನು ನಂಬಿದರೂ ಆಶ್ಚರ್ಯವಿಲ್ಲ.

ಹೋಲಿಕೆ ಶೇ 4ಕ್ಕೆ ಇಳಿಯಿತು. ಮಾರ್ಗದರ್ಶಕರು ಬೆನ್ನು ತಟ್ಟಿದರು.

ಮೊನ್ನೆ ಸಂಜೆ ಹುಳುಮನೆಯ ಬಾಗಿಲಲ್ಲಿ ಕೂತು ಭಾವನವರಿಗೆ ಪ್ರಬಂಧ ಓದಿ ಹೇಳಿದೆ. ಅವರು ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಹಾಕುತ್ತಿದ್ದರು, ಬೆರಳು ನಿಲ್ಲಲಿಲ್ಲ. ನಾನು ಓದಿದೆ: ‘ಪಕ್ವಗೊಂಡ ಕ್ರಿಮಿಗಳನ್ನು ಬೆಳದಿಂಗಳಿನಲ್ಲಿ ವಿಮೋಚನೆಗೊಳಿಸಲಾಗುತ್ತದೆ.’

ಬೆರಳು ನಿಂತಿತು. ಪಕ್ಕದಲ್ಲಿ ಒರಗಿಸಿದ್ದ ಚಂದ್ರಿಕೆಯನ್ನು ಒಮ್ಮೆ ನೋಡಿದರು, ಮಗನನ್ನು ಒಮ್ಮೆ ನೋಡಿದರು.

‘ಅಮಾವಾಸ್ಯೆಯ ದಿನ ಹಣ್ಣಾದರೆ ಏನು ಮಾಡುವುದು ಎಂದು ನಿಮ್ಮ ಮೇಷ್ಟರನ್ನು ಕೇಳಪ್ಪ.’

ಹುಡುಗ ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡ. ‘ಮುಂದಿನ ಸಂಶೋಧನೆಯ ಸಾಧ್ಯತೆಗಳು’ ಎಂಬ ಕೊನೆಯ ಅಧ್ಯಾಯ ಇನ್ನೂ ಖಾಲಿ ಇತ್ತಂತೆ.