ಪ್ರೊಟೆಸ್ಟೆಂಟರು ಪೋಪ್ ಅಧಿಕಾರಕ್ಕೆ ವಾಪಸ್ ಬಂದಿಲ್ಲ

"1999ರಲ್ಲೇ ಪ್ರೊಟೆಸ್ಟೆಂಟರು ಕ್ಯಾಥೊಲಿಕ್ ಸಭೆಗೆ (ಚರ್ಚಿಗೆ) ವಾಪಸ್ ಸೇರಿದರು, ಲೂಥರ್ ಎತ್ತಿದ ತಕರಾರು ಮುಗಿಯಿತು" ಎಂಬ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ. ಲೂಥರ್ ಅಂದರೆ 16ನೇ ಶತಮಾನದಲ್ಲಿ ಪೋಪ್ ನೇತೃತ್ವದ ಕ್ಯಾಥೊಲಿಕ್ ಸಭೆಯನ್ನು ಪ್ರಶ್ನಿಸಿದ ಜರ್ಮನ್ ಸನ್ಯಾಸಿ; ಆ ಜಗಳದಲ್ಲಿ ಬೇರೆಯಾದ ಕ್ರೈಸ್ತರೇ ಪ್ರೊಟೆಸ್ಟೆಂಟರು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಬಿದ್ದದ್ದು ನಿಜ. ಸಹಿ ಹಾಕಿದ್ದು ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ, ಅಂದರೆ ಲೂಥರ್ ಹಾದಿಯ ಸಭೆಗಳ ಒಕ್ಕೂಟ. ಎಲ್ಲ ಪ್ರೊಟೆಸ್ಟೆಂಟರೂ ಅಲ್ಲ. ವಿಷಯವೂ ಒಂದೇ: ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ? ಸ್ವಂತ ಪುಣ್ಯದಿಂದಲ್ಲ, ಕ್ರಿಸ್ತನಲ್ಲಿ ನಂಬಿಕೆಯಿಟ್ಟು, ದೇವರ ಕೃಪೆಯಿಂದ ಎಂದು ಎರಡೂ ಕಡೆಯವರು ಒಟ್ಟಾಗಿ ಹೇಳಿದರು. 16ನೇ ಶತಮಾನದಲ್ಲಿ ಒಬ್ಬರನ್ನೊಬ್ಬರು ಖಂಡಿಸಿದ ಮಾತುಗಳು ಈ ಘೋಷಣೆಯ ಬೋಧನೆಗೆ ಅನ್ವಯಿಸುವುದಿಲ್ಲ ಎಂದೂ ಒಪ್ಪಿದರು. ಇದು ಸಣ್ಣ ವಿಷಯವೇನಲ್ಲ. ಅಂದಿನ ಜಗಳದ ಮೂಲವೇ ಇದಾಗಿತ್ತು, ಅಲ್ವಾ?

ಆಮೇಲೆ ಪ್ರೊಟೆಸ್ಟೆಂಟರ ಬೇರೆ ಪಂಗಡಗಳೂ, 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ, ಈ ಘೋಷಣೆಗೆ ಕೈಜೋಡಿಸಿದವು. ಆದರೆ ಅಮೆರಿಕದ ಮಿಸ್ಸೌರಿ ಸಿನಡ್ ಎಂಬ ಸಭೆಯ ಲೂಥರನ್ನರು ಒಪ್ಪಲೇ ಇಲ್ಲ. ಪೋಪ್ ಅಧಿಕಾರ, ಮರಿಯಮ್ಮನವರ ಕುರಿತ ಬೋಧನೆ, ಮಹಿಳೆಯರಿಗೆ ಗುರುದೀಕ್ಷೆ (ಪಾದ್ರಿ ಪಟ್ಟ), ಈ ಭಿನ್ನಾಭಿಪ್ರಾಯಗಳು ಹಾಗೇ ಇವೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಸ್ವೀಡನ್ನಿನ ಲುಂಡ್‌ಗೆ ಹೋಗಿ ಲೂಥರನ್ನರ ಜೊತೆ ಪ್ರಾರ್ಥಿಸಿದರು. ಆದರೆ ಪ್ರಭು ಭೋಜನವನ್ನು (ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ವಿಧಿ) ಒಟ್ಟಿಗೆ ಆಚರಿಸಲಿಲ್ಲ.