ಏನಾಗಿದೆ ಅಂತ ಹೇಳಿದರೆ ಏನು ಕಳೆದುಹೋಗುತ್ತೆ?

ಕಳೆದ ಚಳಿಗಾಲದ ಒಂದು ಬೆಳಗ್ಗೆ ಇಲ್ಲಿ ಅಮೆರಿಕದ ಕೊಲಂಬಸ್‌ನಿಂದ ಸಿನ್ಸಿನಾಟಿಗೆ ಹೊರಟಿದ್ದೆ. ಹೆದ್ದಾರಿ ಹತ್ತುವಾಗ ನನ್ನ ಪಿಕಪ್ ಟ್ರಕ್ ಜಗ್ಗತೊಡಗಿತು. ಚೆಕ್ ಇಂಜಿನ್ ದೀಪ ಮಿಣುಕಿತು. ಆ ದೀಪ ಸುಮ್ನೆ ಹೊತ್ತಿಕೊಂಡರೆ ನಿಧಾನವಾಗಿ ನೋಡಿಸಬಹುದು. ಮಿಣುಕಿದರೆ ಹಾಗಲ್ಲ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ ಅಂತ ಅರ್ಥ. ಅದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದರೆ ಕನ್ವರ್ಟರೇ ಕರಗಿ ಹೋಗಬಹುದು. ಅದನ್ನು ಬದಲಿಸಲು 1,000 ಡಾಲರ್ ಸಾಲದೆ ಹೋಗಬಹುದು. ಮುಂದಿನ ಎಕ್ಸಿಟ್‌ನಲ್ಲೇ ಇಳಿದು, ಮೆಲ್ಲಗೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಲ್ಲಿಸಿದೆ.

ಅಂಗಡಿಯ ಹುಡುಗಿ ಗಾಡಿಯ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದಳು. ಇದಕ್ಕೆ ಕಾಸಿಲ್ಲ. ಪಿ0303 ಅಂತ ಕೋಡ್ ಬಂತು. ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಹಾಗಾದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಒಂದು ಕೊಡಿ ಅಂದೆ. ಈಗಲೇ ಕೊಳ್ಳಬೇಡಿ ಅಂದಳು.

"ಮೂರನೆಯದರ ಕಾಯಿಲ್ ಬಿಚ್ಚಿ ಎರಡಕ್ಕೆ ಹಾಕಿ, ಎರಡರದ್ದು ಮೂರಕ್ಕೆ. ಕೋಡ್ ಅಳಿಸಿಕೊಡ್ತೀನಿ, ಇಲ್ಲೇ ಒಂದು ಸುತ್ತು ಹೋಗಿಬನ್ನಿ. 0302 ಅಂತ ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ 0303 ಅಂದರೆ ಪ್ಲಗ್ ನೋಡಿ, ಇಂಜೆಕ್ಟರ್ ನೋಡಿ."

ಸ್ಪ್ಯಾನರ್ ಕೂಡ ಅವಳೇ ಕೊಟ್ಟಳು. ಒಂದೊಂದು ಕಾಯಿಲ್‌ಗೆ ಒಂದೇ ಬೋಲ್ಟ್. ಚಳಿಗೆ ಬೆರಳು ಮರಗಟ್ಟಿದ್ದವು, ಆದರೂ ಅರ್ಧ ಗಂಟೆ ಹಿಡಿಯಲಿಲ್ಲ. ಸುತ್ತು ಹೊಡೆದು ಬಂದೆ. 0302! ತೊಂದರೆ ಕಾಯಿಲ್ ಜೊತೆಗೇ ಎರಡನೇ ಮನೆಗೆ ಹೋಗಿತ್ತು. ಆಮೇಲಷ್ಟೇ ಕಾಯಿಲ್ ಕೊಂಡೆ. 60 ಡಾಲರ್ ಒಳಗೆ ಮುಗಿಯಿತು.

ಖುಷಿ ಆಗಬೇಕಿತ್ತು, ಆಯಿತು ಕೂಡ. ಆದರೆ ಪಾರ್ಕಿಂಗ್‌ನಲ್ಲಿ ಕೈ ಒರೆಸಿಕೊಳ್ಳುವಾಗ ಅಪ್ಪನ ನೆನಪಾಗಿ ಹೊಟ್ಟೆ ಉರಿಯಿತು.

ತಿಪಟೂರಿನಲ್ಲಿ ಅಪ್ಪನದು ಒಂದೇ ಲಾರಿ. ಕೊಬ್ಬರಿ ಬಾಡಿಗೆ. ಆಯುಧಪೂಜೆಗೆ ಅದಕ್ಕೆ ಮಾಡುತ್ತಿದ್ದ ಅಲಂಕಾರ ನಮಗೆ ಹಬ್ಬದ ಬಟ್ಟೆಗಿಂತ ಜೋರು. ಆ ಲಾರಿ ಕೆಟ್ಟು ಗ್ಯಾರೇಜ್ ಸೇರಿದರೆ ಅಪ್ಪ ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲೇ ಸ್ಟೂಲ್ ಮೇಲೆ ಕೂತಿರುತ್ತಿದ್ದರು. "ಏನಾಗಿದೆ ಮೇಸ್ತ್ರಿ?" ಅಂದರೆ, "ಆಗುತ್ತೆ ಬಿಡಿ ಗೌಡ್ರೇ, ನಾನಿದೀನಲ್ಲ." ಎರಡನೇ ದಿನವೂ ಅದೇ ಮಾತು. ಮೂರನೇ ದಿನ ಒಂದು ಚೀಟಿ. ಅದರಲ್ಲಿ ಮೊತ್ತ ಮಾತ್ರ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು, ಏನು ಹಾಕಿದರು, ಒಂದೂ ಇಲ್ಲ. ಮೋಸ ಅಂತ ಹೇಳುತ್ತಿಲ್ಲ. ಲಾರಿ ಓಡುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಲಾರಿ ಇಟ್ಟುಕೊಂಡ ಮನುಷ್ಯನಿಗೆ ತನ್ನ ಲಾರಿಗೆ ಏನಾಗಿತ್ತು ಅನ್ನುವುದು ಒಮ್ಮೆಯೂ ಸರಿಯಾಗಿ ಗೊತ್ತಾಗಲಿಲ್ಲ. ಕೇಳಿದರೆ ಮೇಸ್ತ್ರಿ ಮೇಲೆ ನಂಬಿಕೆ ಇಲ್ಲ ಅಂದಹಾಗೆ ಆಗುತ್ತಿತ್ತು. ಡಾಕ್ಟರ ಹತ್ತಿರವೂ ನಮ್ಮದು ಇದೇ ಕಥೆ, ಅಲ್ವಾ?

ಇಲ್ಲಿ 1996ರ ಮಾದರಿಯಿಂದ ಪ್ರತಿ ಪೆಟ್ರೋಲ್ ಕಾರಿನಲ್ಲೂ ಪಿಕಪ್‌ನಲ್ಲೂ ಒಂದೇ ಬಗೆಯ 16 ಪಿನ್ ಸಾಕೆಟ್ ಇರಲೇಬೇಕು. ಹೊಗೆ ಕಡಿಮೆ ಮಾಡಲೆಂದು ತಂದ ನಿಯಮ ಅದು. ಸ್ಕ್ಯಾನರ್ ಯಾರ ಕೈಯಲ್ಲಿದ್ದರೂ ಪಿ0303 ಅಂದರೆ ಮೂರನೇ ಸಿಲಿಂಡರೇ. ಈಗ ನನ್ನ ಹತ್ತಿರವೂ ಒಂದಿದೆ, ಸುಮಾರು 20 ಡಾಲರ್‌ನದು. ಗಾಡಿಯ ಕಾಯಿಲೆ ಮೊದಲು ಗಾಡಿಯ ಯಜಮಾನನಿಗೆ ಗೊತ್ತಾಗಬೇಕು. ಈ ಮರ್ಯಾದೆ ನಮ್ಮ ಅಪ್ಪನಿಗೆ ಸಿಗಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಮೂರು ತಿಂಗಳ ಹಿಂದೆ ದೀಪ ಮತ್ತೆ ಹೊತ್ತಿತು. ಪಿ0420. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಇಲ್ಲಿನ ಒಂದು ಗ್ಯಾರೇಜಿನವರು ನಂಬರ್ ನೋಡಿದವರೇ ಹೊಸ ಕನ್ವರ್ಟರ್‌ಗೆ ರೇಟ್ ಹೇಳಿದರು. ಬಾನೆಟ್ ಎತ್ತಲಿಲ್ಲ. ಆ ವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪನ ಪಕ್ಕದಲ್ಲೇ ಮೇಸ್ತ್ರಿ ಕೂತಿದ್ದರು. ಈಗ ಅವರಿಗೂ ವಯಸ್ಸಾಗಿದೆ. ಫೋನಿನಲ್ಲೇ ಅವರಿಗೆ ಇಂಜಿನ್ ಸದ್ದು ಕೇಳಿಸಿದೆ.

"ಟಿಕ್ ಟಿಕ್ ಅಂತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜಾಸ್ತಿ, ಬಿಸಿ ಆದಮೇಲೆ ಕಡಿಮೆ, ಅಲ್ವೇನಪ್ಪಾ?"

ಹೌದು. ಸೈಲೆನ್ಸರ್ ಇಂಜಿನ್‌ಗೆ ಸೇರುವ ಕಡೆ ಗಾಳಿ ಹೊಡೆಯುತ್ತಿದೆ, ಬೋಲ್ಟ್ ನೋಡು ಅಂದರು. ಅಲ್ಲಿ ಇಂಜಿನ್‌ನಿಂದ ಹೊಗೆ ಒಯ್ಯುವ ಕೊಳವೆ, ಅಂದರೆ ಮ್ಯಾನಿಫೋಲ್ಡ್‌ನ ಹಿಂದಿನ ಬೋಲ್ಟ್ ಮುರಿದಿತ್ತು. ಆ ಸಂದಿಯಿಂದ ಹೊರಗಿನ ಗಾಳಿ ಸೇರಿ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿತ್ತು. ಕನ್ವರ್ಟರ್ ಗಟ್ಟಿಯಾಗಿತ್ತು.

ಎಂಟು ಸಾವಿರಕ್ಕೂ ಹೆಚ್ಚು ಮೈಲಿ ದೂರದಿಂದ ಫೋನಿನಲ್ಲಿ ಕೇಳಿ ಹೇಳಿದ ಕಿವಿ ಅದು. ಅಂಥ ಕಿವಿ ನನಗೆ ಇಲ್ಲಿ ಸಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಇಷ್ಟು ಗೊತ್ತಿದ್ದ ಮನುಷ್ಯ ಪಕ್ಕದ ಸ್ಟೂಲ್ ಮೇಲಿದ್ದವರಿಗೆ ಅಷ್ಟು ವರ್ಷ ಯಾಕೆ ಹೇಳಲಿಲ್ಲ?

ಈಗ ತಮ್ಮನದು ಬೇರೆ ಲಾರಿ, ಹೊಸ ಹೊಗೆ ನಿಯಮದ ಬಿಎಸ್6. ಅದರಲ್ಲೂ ಇದೇ ದೀಪ ಇದೆ. ಹೋದ ವಾರ ಹೊತ್ತಿಕೊಂಡು, ಎರಡು ದಿನ ಸರ್ವೀಸ್‌ಗೆ ಬಿಟ್ಟಿದ್ದ. ಕೋಡ್ ಎಷ್ಟು ಬಂತು ಅಂತ ಕೇಳಿದೆ.

"ಅದನ್ನೆಲ್ಲ ಹೇಳಲ್ಲ ಕಣಣ್ಣ. ಸರಿ ಮಾಡಿದೀವಿ, ತಗೊಂಡು ಹೋಗಿ ಅಂದ್ರು."